ಕೀಟಗಳ ನೀರಿನ ಲೆಕ್ಕ

ಮುಂಗಾರಿನ ಮೊದಲ ಮಳೆ ಬಿದ್ದ ಸಂಜೆ ದೀಪವನ್ನು ಮುತ್ತುವ ರೆಕ್ಕೆಯ ಗೆದ್ದಲುಗಳನ್ನು ನಾವೆಲ್ಲರೂ ಕಂಡಿದ್ದೇವೆ. ಅವು ಆ ದಿನವನ್ನೇ ಕಾದು ಹೊರಡುವುದೇಕೆ? ನೆಲವು ನೆನೆದು ಮೆದುವಾದಾಗಲೇ ಅವು ಹೊಸ ಗೂಡನ್ನು ತೋಡಬಲ್ಲವು. ಒಣಹವೆಯಲ್ಲಾದರೋ ಅವುಗಳ ಕೋಮಲ ಶರೀರವು ಬೇಗನೆ ಬತ್ತಿಹೋಗುವುದು. ಕೀಟದ ಬಾಳಿಗೆ ನೀರಿನ ಲೆಕ್ಕವು ಎಷ್ಟು ಮುಖ್ಯವೆಂಬುದಕ್ಕೆ ಈ ಒಂದು ನಿದರ್ಶನವೇ ಸಾಕು.

ಬಾವಿಯ ನೀರಿಗಿಂತ ತಟ್ಟೆಯಲ್ಲಿ ಹರವಿದ ನೀರು ಬೇಗ ಆರುವುದಷ್ಟೆ. ಹಾಗೆಯೇ ಶರೀರವು ಸಣ್ಣದಾದಷ್ಟೂ ಅದರ ತೂಕಕ್ಕೆ ಹೋಲಿಸಿದರೆ ಗಾಳಿಗೆ ಒಡ್ಡಿದ ಮೈ ಹೆಚ್ಚಾಗಿದ್ದು, ನೀರಿನ ನಷ್ಟವೂ ಹೆಚ್ಚುವುದು. ಇದನ್ನು ತಡೆಯಲು ಸೃಷ್ಟಿಕರ್ತನು ಕೀಟಗಳಿಗೆ ಮೂರು ಏರ್ಪಾಡುಗಳನ್ನು ಅನುಗ್ರಹಿಸಿರುವನು. ಮೈಯ ಮೇಲೆ ಅತಿ ತೆಳುವಾದ ಮೇಣದ ಲೇಪವುಂಟು. ಪಕ್ಕೆಗಳಲ್ಲಿರುವ ಉಸಿರಿನ ರಂಧ್ರಗಳನ್ನು ಬೇಕಾದಾಗ ಮುಚ್ಚುವ ಶಕ್ತಿಯುಂಟು. ಮಲದಲ್ಲಿರುವ ನೀರನ್ನು ಕರುಳಿನ ಕೊನೆಯ ಭಾಗವು ಮತ್ತೆ ಹೀರಿಕೊಳ್ಳುವುದುಂಟು. ಆದರೆ ಈ ರಕ್ಷಣೆಗೂ ಒಂದು ಮಿತಿಯಿದೆ. 1935ರಲ್ಲಿ ರಾಮ್ಸೆ ಎಂಬ ವಿಜ್ಞಾನಿಯು ಜಿರಲೆಯನ್ನು ಪರೀಕ್ಷಿಸಿ, ಶಾಖವು ಸುಮಾರು 30 ಡಿಗ್ರಿ ಸೆಂಟಿಗ್ರೇಡನ್ನು ಮೀರಿದಾಗ ಅದರ ಮೈಯ ನೀರು ಬಹು ವೇಗವಾಗಿ ಆರತೊಡಗುವುದನ್ನು ತೋರಿಸಿದನು. ಕಾವಿಗೆ ಆ ಲೇಪವು ಸಡಿಲಗೊಳ್ಳುವುದೇ ಇದಕ್ಕೆ ಕಾರಣವು.

ಇನ್ನು ನಗರವನ್ನು ನೋಡೋಣ. ಕಲ್ಲು, ಸಿಮೆಂಟು, ಡಾಂಬರುಗಳು ನೆಲವನ್ನು ಮುಚ್ಚಿದಲ್ಲಿ ಮಳೆಯ ನೀರು ಇಂಗದೆ ಚರಂಡಿಯ ಪಾಲಾಗುವುದು; ಹಗಲಿನ ಬಿಸಿಲನ್ನು ಹೀರಿದ ಗೋಡೆಗಳು ರಾತ್ರಿಯೂ ಕಾವನ್ನು ಬಿಡುತ್ತಿರುವುವು. ನೆಲದಲ್ಲಿ ಗೂಡುಕಟ್ಟುವ ಜೇನಿನ ಜಾತಿಯ ಹುಳುಗಳಿಗೂ, ತರಗೆಲೆಯನ್ನು ಗೊಬ್ಬರವಾಗಿಸುವ ಕೀಟಗಳಿಗೂ ಅಲ್ಲಿ ಎಡೆಯಿಲ್ಲ. ಬೆಂಗಳೂರಿನ ಧರ್ಮಾಂಬುಧಿ ಕೆರೆಯ ಸ್ಥಳದಲ್ಲಿ ಈಗ ಬಸ್ಸುಗಳ ನಿಲ್ದಾಣವಿದೆ. ಸಂಪಂಗಿ ಕೆರೆಯ ಸ್ಥಳದಲ್ಲಿ ಕಂಠೀರವ ಕ್ರೀಡಾಂಗಣವಿದೆ. ಮಕ್ಕಳು ಏರೋಪ್ಲೇನ್ ಚಿಟ್ಟೆಯೆಂದು ಕರೆಯುವ ಹುಳುವಿನ ಮರಿಗಳು ಇಂಥ ಕೆರೆಕುಂಟೆಗಳಲ್ಲಿಯೇ ಬೆಳೆದು, ಸೊಳ್ಳೆಯ ಮರಿಗಳನ್ನು ತಿನ್ನುವುವು. ಕೆರೆ ಹೋದರೆ ಈ ಉಪಕಾರಿಯೂ ಹೋಯಿತು.

ವಿಚಿತ್ರವೇನೆಂದರೆ, ಕೆರೆಯ ನೀರನ್ನು ಕಳೆದುಕೊಂಡ ನಗರವು ಬೊಗಸೆ ನೀರನ್ನು ಸಾವಿರ ಕಡೆ ಕೂಡಿಡುತ್ತದೆ. ಮುಚ್ಚಳವಿಲ್ಲದ ತೊಟ್ಟಿ, ಹೂಕುಂಡದ ತಟ್ಟೆ, ಹಳೆಯ ಟಯರು, ತೆಂಗಿನ ಚಿಪ್ಪು—ಇವುಗಳಲ್ಲಿ ಮೀನೂ ಇಲ್ಲ, ಬೇರೆ ಶತ್ರುವೂ ಇಲ್ಲ. ಡೆಂಗೀ ಜ್ವರವನ್ನು ಹರಡುವ ಈಡಿಸ್ ಸೊಳ್ಳೆಗೆ ಇವೇ ಅರಮನೆಗಳು. ಅದು ನೀರಿನ ಅಂಚಿನ ಮೇಲೆ ಪಾತ್ರೆಯ ಒಳಮೈಗೆ ಮೊಟ್ಟೆಗಳನ್ನು ಅಂಟಿಸುವುದು. ಅವು ತಿಂಗಳುಗಟ್ಟಲೆ ಒಣಗಿದ್ದರೂ ಸಾಯದೆ, ನೀರು ತಗುಲಿದೊಡನೆ ಮರಿಯಾಗಬಲ್ಲವು. ಆದುದರಿಂದ ನೀರನ್ನು ಚೆಲ್ಲಿದರೆ ಮಾತ್ರ ಸಾಲದು. ಪಾತ್ರೆಯ ಒಳಮೈಯನ್ನು ವಾರಕ್ಕೊಮ್ಮೆ ಉಜ್ಜಿ ತೊಳೆದು ಒಣಗಿಸತಕ್ಕದ್ದು.

ಈ ಮಾತಿನ ಬೀಜವು ನಮ್ಮ ನಾಡಿನಲ್ಲಿಯೇ ದೊರೆತದ್ದೆಂಬುದು ಸಂತೋಷದ ಸಂಗತಿ. 1883ರಲ್ಲಿ ಬೆಂಗಳೂರಿನ ದಂಡಿನಲ್ಲಿ ವೈದ್ಯನಾಗಿದ್ದ ರೊನಾಲ್ಡ್ ರಾಸ್, ನಿಂತ ನೀರು ದೊರೆಯದಂತೆ ಮಾಡಿದರೆ ಸೊಳ್ಳೆಗಳನ್ನು ಕಡಮೆಮಾಡಬಹುದೆಂಬುದನ್ನು ಗಮನಿಸಿದನು. ಮುಂದೆ 1897ರಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾದ ಕ್ರಿಮಿಯನ್ನು ಕಂಡವನೂ ಆತನೇ.

ಈ ಶಾಲೆಯ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಇಂದು ಗೃಹಿಣಿಯರು, ತಾಯಂದಿರು, ಉಪಾಧ್ಯಾಯಿನಿಯರು. ಡೆಂಗೀ ಜ್ವರವು ಎಳೆಯ ಮಕ್ಕಳ ಪ್ರಾಣಕ್ಕೇ ಎರವಾಗಬಲ್ಲುದೆಂಬುದನ್ನು ಅವರಿಗೆ ನಾವು ಹೇಳಬೇಕಾಗಿಲ್ಲ. ಕೀಟಗಳೆಲ್ಲವನ್ನೂ ವಿಷದಿಂದ ಕೊಲ್ಲುವುದು ವಿವೇಕವಲ್ಲ. ಮಿತ್ರನೂ ಶತ್ರುವೂ ಅದರಿಂದ ಒಟ್ಟಿಗೆ ಅಳಿಯುವರು. ಅಂಗಳದಲ್ಲಿ ಒಂದಿಷ್ಟು ಬರಿಯ ಮಣ್ಣನ್ನು ಉಳಿಸೋಣ. ಊರಿನ ಕೆರೆಯನ್ನು ಕಾಯೋಣ. ಮನೆಯ ಹಿತ್ತಲಿನ ಚಿಪ್ಪನ್ನು ಬೋರಲು ಹಾಕೋಣ. ನೀರು ಇರಬೇಕಾದಲ್ಲಿ ಇದ್ದು, ಇರಬಾರದಲ್ಲಿ ಇಲ್ಲದಿದ್ದರೆ, ಕೀಟಲೋಕವೂ ನಮ್ಮ ಮಕ್ಕಳೂ ಕ್ಷೇಮವಾಗಿರುವರು.