ಟರ್ಮಿನಲ್ಲಿನ ಅಕ್ಷರಭೇದಸಂಕೇತಗಳು

ಗಣಕಯಂತ್ರದ ಟರ್ಮಿನಲ್ ಎಂಬ ಫಲಕದಲ್ಲಿ ಕಾಣುವ ಅಕ್ಷರಗಳಲ್ಲಿ ಕೆಲವು ದಪ್ಪನಾಗಿಯೂ, ಕೆಲವು ಅಡಿಗೆರೆಯಿಂದ ಕೂಡಿಯೂ, ಕೆಲವು ಕೆಂಪಾಗಿಯೂ ತೋರುವುದುಂಟು. ಈ ಭೇದವನ್ನುಂಟುಮಾಡುವ ಕ್ರಮವು ವ್ಯಾಕರಣವನ್ನು ಬಲ್ಲವರಿಗೆ ತೀರ ಅಪರಿಚಿತವೆನಿಸಲಾರದು.

ಪಾಣಿನಿಯ ಉಪದೇಶದಲ್ಲಿ ‘ಇತ್’ ಎಂಬ ವರ್ಣಗಳು ಕಾರ್ಯವನ್ನು ಸೂಚಿಸಿ ಲೋಪಹೊಂದುವುವಷ್ಟೆ. ‘ಕ್ತ’ ಪ್ರತ್ಯಯದ ಕಕಾರವು ಗುಣವನ್ನು ತಡೆಯುವುದು. ಪ್ರಯೋಗದಲ್ಲಿ ಮಾತ್ರ ಕೇಳಿಸದು. ಟರ್ಮಿನಲ್ಲಿನ ಸಂಕೇತವೂ ಹೀಗೆಯೇ. ೨೭ ಎಂಬ ಸಂಖ್ಯೆಯುಳ್ಳ ‘ಎಸ್ಕೇಪ್’ ಚಿಹ್ನೆ, ಅದರ ಮುಂದೆ ಚೌಕಾಕಾರದ ಎಡ ಆವರಣ, ಬಳಿಕ ಸಂಖ್ಯೆ, ಕಡೆಗೆ ‘ಎಮ್’ ಎಂಬ ಸಣ್ಣ ರೋಮನಕ್ಷರ—ಇಷ್ಟು ಪಾಠದ ನಡುವೆ ಬಂದರೆ ಟರ್ಮಿನಲ್ ಅದನ್ನು ಬರೆದು ತೋರದೆ ಆಜ್ಞೆಯೆಂದು ಗ್ರಹಿಸುವುದು. ೧ ದಪ್ಪಕ್ಕೆ, ೪ ಅಡಿಗೆರೆಗೆ, ೭ ಅಕ್ಷರ-ಹಿನ್ನೆಲೆಗಳ ಬಣ್ಣವನ್ನು ಅದಲುಬದಲು ಮಾಡುವುದಕ್ಕೆ, ೩೧ ಕೆಂಪಿಗೆ. ಇದು ೧೯೭೬ರಲ್ಲಿ ಮೊದಲು ಪ್ರಕಟವಾದ ಎಕ್ಮಾ-೪೮ ಎಂಬ ನಿಬಂಧನೆಯ ಪರಂಪರೆ. ೧೯೭೮ರ ವಿಟಿ-೧೦೦ ಯಂತ್ರದಿಂದ (ಅದಕ್ಕೆ ಬಣ್ಣವೇ ಇರಲಿಲ್ಲ) ಇದರ ರೂಢಿಯು ಬಲಗೊಂಡಿತು.

ಆದರೆ ಇತ್ತಿನೊಡನೆ ಸಾಮ್ಯವು ಇಲ್ಲಿಗೆ ನಿಲ್ಲುವುದು. ಇತ್ ತಾನು ಹತ್ತಿಕೊಂಡ ಪ್ರತ್ಯಯಾದಿಗಳಿಗೆ ಮಾತ್ರ ಸಂಬಂಧಿಸಿದ್ದು. ಈ ಸಂಕೇತವಾದರೋ ಅಧಿಕಾರಸೂತ್ರದಂತೆ ನಿವೃತ್ತಿಯಾಗುವವರೆಗೆ ಮುಂದಮುಂದಕ್ಕೆ ನಡೆಯುವುದು. ನಿವರ್ತಕವಾದ ೦ಯು ಎಲ್ಲವನ್ನೂ ಒಮ್ಮೆಗೇ ಅಳಿಸುವುದು. ಅಡಿಗೆರೆಯುಳ್ಳ ವಾಕ್ಯದಲ್ಲಿ ಒಂದು ಪದವನ್ನು ಕೆಂಪುಮಾಡಿ ಅದರ ಕಡೆಯಲ್ಲಿ ೦ಯನ್ನಿಟ್ಟರೆ ಉಳಿದ ವಾಕ್ಯಕ್ಕೆ ಅಡಿಗೆರೆಯೂ ಇಲ್ಲವಾಗುವುದು. ಆದಕಾರಣ ಅಕ್ಷರದ ಬಣ್ಣಕ್ಕೆ ೩೯, ಅಡಿಗೆರೆಗೆ ೨೪ ಎಂದು ಪ್ರತ್ಯೇಕ ನಿವರ್ತಕಗಳುಂಟು. ಈ ನ್ಯಾಯದಿಂದ ದಪ್ಪಕ್ಕೆ ೨೧ ಇರಬೇಕೆಂದು ಯಾರಾದರೂ ಊಹಿಸುವರು; ಎಕ್ಮಾ-೪೮ರಲ್ಲಿ ಅದು ಜೋಡಿ ಅಡಿಗೆರೆಯ ಸಂಕೇತ! ದಪ್ಪಕ್ಕೂ ಮಸುಕಿಗೂ ೨೨ ಒಂದೇ ನಿವರ್ತಕ. ಲಾಘವವು ಇಲ್ಲಿ ಸ್ಪಷ್ಟತೆಯನ್ನು ನುಂಗಿತೆಂದೇ ನನ್ನ ಮತ.

ಇನ್ನೊಂದು ವಿಷಯವು ಪಾಠಶೋಧಕರಿಗೆ ಮುಖ್ಯವಾದುದು. ಸಂಕೇತದ ಲೋಪವು ಫಲಕದಲ್ಲಿ ಮಾತ್ರ. ಪಾಠದಲ್ಲಿ ಅದು ಇದ್ದೇ ಇರುವುದು. ನಾಲ್ಕು ರೋಮನಕ್ಷರಗಳ ಪದಕ್ಕೆ ಕೆಂಪನ್ನು ಕೊಟ್ಟು ೦ಯಿಂದ ನಿಲ್ಲಿಸಿದರೆ ಮೊದಲಿಗೆ ಐದು, ಕೊನೆಗೆ ನಾಲ್ಕು ಚಿಹ್ನೆಗಳು ಸೇರಿ ಎಣಿಕೆಯು ಹದಿಮೂರಾಗುವುದು. ಎಣಿಕೆಯನ್ನೇ ನಂಬಿ ಜೋಡಿಸಿದ ಅಂಕಣಗಳು ಸೊಟ್ಟಗಾಗುವುವು. ಪಾಠಾಂತರಗಳಿಗೆ ಬಣ್ಣವಿಟ್ಟು ಅದನ್ನೇ ಕಡತಕ್ಕೆ ತುಂಬಿದರೆ ಮೂಲದಲ್ಲಿಲ್ಲದ ಚಿಹ್ನೆಗಳು ಪಾಠವನ್ನು ಹೊಗುವುವು. ಆದುದರಿಂದ ವಿವೇಕಿಯಾದ ಕ್ರಮಲೇಖಕನು ಬರಹವು ಟರ್ಮಿನಲ್ಲಿಗೆ ಹೋಗುವುದೋ ಕಡತಕ್ಕೋ ಎಂದು ಮೊದಲು ಪರೀಕ್ಷಿಸುವನು. ಸಂಕೇತಗಳನ್ನು ಕೈಯಾರೆ ಬರೆಯದೆ ‘ಕರ್ಸಸ್’ ಎಂಬ ಸಾಧನಕ್ಕೆ ಒಪ್ಪಿಸುವವರೂ ಉಂಟು. ಅದು ‘ಟರ್ಮ್‌ಇನ್ಫೊ’ ಎಂಬ ಕೋಶವನ್ನು ನೋಡಿ ಆಯಾ ಟರ್ಮಿನಲ್ಲಿಗೆ ತಕ್ಕ ಸಂಕೇತವನ್ನೇ ಕಳುಹಿಸುವುದು.