ಫ್ಯಾರಡೆಯ ಲೆಕ್ಕ, ಶಹಾಡ್‌ನ ಉಪ್ಪುನೀರು

ಕಲ್ಯಾಣ ದಾಟಿ ಕಸಾರಾ ಕಡೆ ಹೊರಟ ಲೋಕಲ್ ರೈಲಿಗೆ ಮೊದಲು ಸಿಗುವ ನಿಲ್ದಾಣ ಶಹಾಡ್. ಅಲ್ಲಿನ ಸೆಂಚುರಿ ರೇಯಾನ್ ಕಾರ್ಖಾನೆಯಲ್ಲಿ ಮರದ ತಿರುಳು ನೂಲಾಗುತ್ತದೆ. ಅದಕ್ಕೆ ತಿರುಳು ಮೊದಲು ಕಾಸ್ಟಿಕ್ ಸೋಡಾದಲ್ಲಿ ನೆನೆಯಬೇಕು. ಆ ಸೋಡಾ ಹುಟ್ಟುವುದು ಉಪ್ಪುನೀರಿಗೆ ವಿದ್ಯುತ್ ಹಾಯಿಸಿದಾಗ. ಎಷ್ಟು ವಿದ್ಯುತ್ತಿಗೆ ಎಷ್ಟು ಸೋಡಾ ಎಂಬುದರ ನಿಯಮವನ್ನು ಲಂಡನ್ನಿನ ಮೈಕೆಲ್ ಫ್ಯಾರಡೆ 1830ರ ದಶಕದಲ್ಲೇ ಕಂಡುಹಿಡಿದಿದ್ದರು.

ಅವರ ಮೊದಲ ನಿಯಮ ಸರಳ. ದ್ರಾವಣದಲ್ಲಿ ಹರಿದ ವಿದ್ಯುದಾವೇಶ ಇಮ್ಮಡಿಯಾದರೆ ವಿದ್ಯುದಗ್ರದಲ್ಲಿ ಬಿಡುಗಡೆಯಾಗುವ ವಸ್ತುವಿನ ತೂಕವೂ ಇಮ್ಮಡಿ. ಎರಡನೆಯದು ವಸ್ತುಗಳನ್ನು ಹೋಲಿಸುತ್ತದೆ: ಒಂದೇ ಆವೇಶಕ್ಕೆ ಬೇರೆ ಬೇರೆ ವಸ್ತುಗಳು ತಮ್ಮ ಸಮಾನ ತೂಕದ (ಪರಮಾಣು ತೂಕವನ್ನು ಅಯಾನಿಗೆ ಬೇಕಾದ ಎಲೆಕ್ಟ್ರಾನ್‌ಗಳ ಸಂಖ್ಯೆಯಿಂದ ಭಾಗಿಸಿದ್ದು) ಪ್ರಮಾಣದಲ್ಲಿ ಹೊರಬರುತ್ತವೆ. 96,485 ಕೂಲಂಬ್ ಆವೇಶ ಹರಿಸಿದರೆ ಬೆಳ್ಳಿ 107.9 ಗ್ರಾಂ ಕೂರುತ್ತದೆ, ತಾಮ್ರ 31.8 ಗ್ರಾಂ ಮಾತ್ರ. ಬೆಳ್ಳಿಯ ಅಯಾನಿಗೆ ಒಂದು ಎಲೆಕ್ಟ್ರಾನ್ ಸಾಕು, ತಾಮ್ರದ ಅಯಾನಿಗೆ ಎರಡು ಬೇಕು. ಎಲೆಕ್ಟ್ರಾನ್ ಪತ್ತೆಯಾದದ್ದು 1897ರಲ್ಲಿ. ಅದರ ಹೆಸರೂ ಇಲ್ಲದ ಕಾಲದಲ್ಲಿ ಫ್ಯಾರಡೆ ತಕ್ಕಡಿಯಿಂದಲೇ ಅದನ್ನು ಎಣಿಸಿದ್ದರು!

ಈಗ ಕಾರ್ಖಾನೆಯ ಲೆಕ್ಕ ನೋಡೋಣ. ಒಂದು ಟನ್ ಕಾಸ್ಟಿಕ್ ಸೋಡಾಕ್ಕೆ ಕನಿಷ್ಠ 6.7 ಲಕ್ಷ ಆಂಪಿಯರ್-ಗಂಟೆ ಆವೇಶ ಬೇಕು. ಜೊತೆಗೆ ಸುಮಾರು 886 ಕಿಲೋ ಕ್ಲೋರಿನ್, 25 ಕಿಲೋ ಹೈಡ್ರೋಜನ್ ಹುಟ್ಟಿಯೇ ತೀರುತ್ತವೆ. ಸೋಡಾ ಮಾತ್ರ ಸಾಕು, ವಿಷಾನಿಲ ಕ್ಲೋರಿನ್ ಬೇಡ ಎನ್ನುವಂತಿಲ್ಲ. ಅದನ್ನು ಹಿಡಿದಿಟ್ಟು ನೀರಿನ ಶುದ್ಧೀಕರಣಕ್ಕೋ ಬೇರೆ ರಾಸಾಯನಿಕಕ್ಕೋ ದಾರಿ ಮಾಡಿಕೊಡಲೇಬೇಕು.

ಆವೇಶವನ್ನು ಉಳಿಸಲಾಗದು, ಆದರೆ ವೋಲ್ಟ್ ಉಳಿಸಬಹುದು. ಕರೆಂಟಿನ ಖರ್ಚು ಎಂದರೆ ಆಂಪಿಯರ್-ಗಂಟೆಯನ್ನು ವೋಲ್ಟಿನಿಂದ ಗುಣಿಸಿದ್ದು. ಉಪ್ಪುನೀರಿಗೆ ವಿದ್ಯುತ್ ಹಾಯಿಸುವ ಹಳೆಯ ಪಾದರಸ ಕೋಶಕ್ಕೆ ನಾಲ್ಕು ವೋಲ್ಟಿಗಿಂತ ಹೆಚ್ಚು ಬೇಕಿತ್ತು. ಟನ್ನಿಗೆ 2,700 ಯೂನಿಟ್ ದಾಟುತ್ತಿತ್ತು. ಸೋಡಿಯಂ ಅಯಾನನ್ನು ದಾಟಿಸಿ ಕ್ಲೋರೈಡನ್ನು ತಡೆಯುವ ಪೊರೆಯ ಕೋಶಕ್ಕೆ ಸುಮಾರು ಮೂರು ವೋಲ್ಟ್ ಸಾಕು. ಅಲ್ಲಿಗೆ ಲೆಕ್ಕ 2,000 ಯೂನಿಟ್ ಆಸುಪಾಸಿಗೆ ಇಳಿಯಿತು.

ಲಾಭ ಕರೆಂಟಿನದಷ್ಟೇ ಅಲ್ಲ. ಹಳೆಯ ಕೋಶಗಳಲ್ಲಿ ಸೋಡಿಯಂ ಹರಿಯುವ ಪಾದರಸದಲ್ಲಿ ಕರಗುತ್ತಿತ್ತು. ಪ್ರತಿ ಸುತ್ತಿನಲ್ಲೂ ಒಂದಿಷ್ಟು ಪಾದರಸ ಸೋರುತ್ತಿತ್ತು. ಶಹಾಡ್‌ನ ಮುಂದಿನ ನಿಲ್ದಾಣ ಅಂಬಿವಲಿ. ಅದರ ಬಳಿಯ ಕಾಳು ನದಿಯ ಪಾದರಸ ಮಾಲಿನ್ಯ ವಿಜ್ಞಾನಿಗಳ ಅಧ್ಯಯನಗಳಲ್ಲಿ ದಾಖಲಾಗಿದೆ. 2003ರಲ್ಲಿ ಕೇಂದ್ರ ಸರ್ಕಾರ ಮತ್ತು ಉದ್ಯಮ ಸೇರಿ ರೂಪಿಸಿದ ಸನ್ನದು, ಪಾದರಸ ಬಿಟ್ಟು ಪೊರೆಗೆ ಬರಲು 2012ರ ಗಡುವು ಇಟ್ಟಿತು.

ನಿಸರ್ಗದ ನಿಯಮ ಚೌಕಾಸಿಗೆ ಬಗ್ಗುವುದಿಲ್ಲ. ಕೋಶ ಹೇಗಿರಬೇಕು, ಅದರಿಂದ ನದಿಗೆ ಏನು ಸೇರಬಾರದು ಎಂಬುದು ಮಾತ್ರ ಪೂರ್ತಿ ನಮ್ಮ ಕೈಯಲ್ಲಿದೆ. ಫ್ಯಾರಡೆಯ ನಿಯಮ ಕಲಿಸುವ ತರಗತಿಯಲ್ಲಿ ಈ ಎರಡನೆಯ ಪಾಠವೂ ಸೇರಬೇಕು.