ಒಂಟಿ ಮಹಿಳೆಯ ತಾಯ್ತನ: ಚಿಕಿತ್ಸೆ ಮತ್ತು ದತ್ತಕ

ಈಚಿನ ವರ್ಷಗಳಲ್ಲಿ ನಮ್ಮ ಚಿಕಿತ್ಸಾಲಯಕ್ಕೆ ಒಂದು ಹೊಸ ಬಗೆಯ ಪ್ರಶ್ನೆ ಬರತೊಡಗಿದೆ. ವಿವಾಹವಾಗದ ಅಥವಾ ಪತಿಯನ್ನು ಕಳೆದುಕೊಂಡ ಮಹಿಳೆಯರು ತಾಯಿಯಾಗುವ ಮಾರ್ಗವನ್ನು ಕೇಳುತ್ತಾರೆ. ಜೊತೆಯಲ್ಲಿ ಬಂದ ಹೆತ್ತವರು ತಲೆ ತಗ್ಗಿಸಿ ಕುಳಿತಿರುತ್ತಾರೆ. ತಗ್ಗಿಸಲು ಕಾರಣವೇನೂ ಇಲ್ಲ. ಚಿಕಿತ್ಸೆ, ದತ್ತಕ ಎರಡಕ್ಕೂ ಕಾನೂನು ಅವಕಾಶವಿತ್ತಿದೆ. ಆದರೆ ಎರಡಕ್ಕೂ ವಯಸ್ಸಿನ ಗಡಿಯಿದೆ.

ಗರ್ಭೋತ್ಪತ್ತಿಗೆ ಋತು, ಕ್ಷೇತ್ರ, ಅಂಬು, ಬೀಜ ಎಂಬ ನಾಲ್ಕು ಅಂಶಗಳನ್ನು ಸುಶ್ರುತ ಸಂಹಿತೆ ಹೇಳುತ್ತದೆ. ಸಕಾಲ, ಆರೋಗ್ಯವಂತ ಗರ್ಭಾಶಯ, ಪೋಷಕ ರಸ ಈ ಮೂರರಲ್ಲಿ ಆಹಾರ, ವಿಹಾರ, ಔಷಧಗಳಿಂದ ನಾವು ನೆರವಾಗಬಲ್ಲೆವು. ಬೀಜದ ಮಾತು ಬೇರೆ. ಹೆಣ್ಣುಮಗು ತನ್ನ ಜೀವಮಾನದ ಅಂಡಗಳನ್ನು ಹೊತ್ತೇ ಹುಟ್ಟುತ್ತದೆ. 35ರ ನಂತರ ಅವುಗಳ ಸಂಖ್ಯೆಯೂ ಗುಣವೂ ವೇಗವಾಗಿ ಕುಗ್ಗುತ್ತವೆ. ಶತಾವರಿಯಾಗಲಿ, ಫಲಘೃತವಾಗಲಿ ಕಳೆದುಹೋದ ಅಂಡವನ್ನು ಮರಳಿ ತಾರವು.

ಇಷ್ಟು ಬಿಡಿಸಿ ಹೇಳಲು ಕಾರಣವಿದೆ. 37 ವರ್ಷದ ಶಿಕ್ಷಕಿಯೊಬ್ಬರಿಗೆ ಮುಟ್ಟು ಕ್ರಮಗೊಳ್ಳಲೆಂದು ನಾವು ಒಂದು ವರ್ಷ ಕಷಾಯ, ಘೃತಗಳನ್ನು ಕೊಟ್ಟೆವು. ಎ.ಎಂ.ಎಚ್. ರಕ್ತಪರೀಕ್ಷೆಯನ್ನೂ ಅಂಡಾಶಯದ ಸ್ಕ್ಯಾನನ್ನೂ ಮೊದಲ ದಿನವೇ ಮಾಡಿಸಬೇಕಿತ್ತು, ಮಾಡಿಸಲಿಲ್ಲ. ಮಾಡಿಸಿದಾಗ ಅಂಡಸಂಗ್ರಹ ತೀರ ಕಡಿಮೆಯಿತ್ತು. ಆ ವರ್ಷವನ್ನು ಅವರಿಗೆ ನಾವು ಹಿಂದಿರುಗಿಸಲಾರೆವು.

2021ರ ಸಹಾಯಿತ ಸಂತಾನೋತ್ಪತ್ತಿ ತಂತ್ರಜ್ಞಾನ ಕಾಯ್ದೆಯಂತೆ 21 ದಾಟಿದ, 50 ತುಂಬದ ಮಹಿಳೆ ಒಂಟಿಯಾಗಿದ್ದರೂ ನೋಂದಾಯಿತ ಕೇಂದ್ರದಲ್ಲಿ ಚಿಕಿತ್ಸೆ ಪಡೆಯಬಹುದು. ದಾನಿಯ ವೀರ್ಯ ನೋಂದಾಯಿತ ಬ್ಯಾಂಕಿನಿಂದಲೇ ಬರಬೇಕು; ದಾನಿಗೆ ಮಗುವಿನ ಮೇಲೆ ಯಾವ ಹಕ್ಕೂ ಇರುವುದಿಲ್ಲ. ಬಾಡಿಗೆ ತಾಯ್ತನ ಮಾತ್ರ ಬೇರೆ: ಒಂಟಿ ಮಹಿಳೆಯರಲ್ಲಿ 35ರಿಂದ 45 ವಯಸ್ಸಿನ ವಿಧವೆ ಅಥವಾ ವಿಚ್ಛೇದಿತೆಗಷ್ಟೇ ಅವಕಾಶ, ಅವಿವಾಹಿತೆಗಿಲ್ಲ. ಈ ಭೇದದ ತರ್ಕ ನಮಗೆ ತಿಳಿಯದು.

ಚಿಕಿತ್ಸೆಗೆ ಮುನ್ನ ರಕ್ತಹೀನತೆ, ಥೈರಾಯ್ಡ್, ಸಕ್ಕರೆಗಳ ಪರೀಕ್ಷೆಯಾಗಲಿ. ಗರ್ಭಧಾರಣೆಗೆ ಒಂದು ತಿಂಗಳು ಮೊದಲೇ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಆರಂಭವಾಗಬೇಕು. ಹಾರ್ಮೋನಿನ ಚುಚ್ಚುಮದ್ದು ನಡೆಯುವಾಗ ನಮ್ಮಂಥವರ ಕಷಾಯವನ್ನು ಆ ವೈದ್ಯರಿಗೆ ತಿಳಿಸದೆ ಸೇವಿಸಬಾರದು.

ದತ್ತಕಕ್ಕೆ ಎರಡು ಕಾನೂನುಗಳಿವೆ. 1956ರ ಹಿಂದೂ ದತ್ತಕ ಕಾಯ್ದೆ ತನ್ನ ವ್ಯಾಪ್ತಿಯಲ್ಲಿ ವೀರಶೈವರನ್ನೂ ಲಿಂಗಾಯತರನ್ನೂ ಹೆಸರಿಸಿಯೇ ಸೇರಿಸಿಕೊಂಡಿದೆ. ಅದರಂತೆ ಅಕ್ಕನ, ತಮ್ಮನ 15 ತುಂಬದ ಮಗುವನ್ನು ಅವಿವಾಹಿತೆಯೂ ದತ್ತು ಪಡೆಯಬಹುದು. ನಮ್ಮ ಕಡೆ ಬಾಯಿಮಾತಿನಲ್ಲೇ ಮಗುವನ್ನು ಒಪ್ಪಿಸಿಬಿಡುತ್ತಾರೆ; ಆಸ್ತಿಯ ಪ್ರಶ್ನೆ ಬಂದಾಗ ಮಗು ಅತಂತ್ರವಾಗುತ್ತದೆ. ಪತ್ರವನ್ನು ನೋಂದಾಯಿಸಿರಿ.

ಅನಾಥ ಮಗುವಾದರೆ 2015ರ ಬಾಲನ್ಯಾಯ ಕಾಯ್ದೆಯಂತೆ ಕೇಂದ್ರೀಯ ದತ್ತಕ ಪ್ರಾಧಿಕಾರ, ಅಂದರೆ ‘ಕಾರಾ’ದಲ್ಲಿ ನೋಂದಣಿಯಾಗಬೇಕು. ಒಂಟಿ ಮಹಿಳೆಗೆ ಗಂಡು, ಹೆಣ್ಣು ಯಾವ ಮಗುವನ್ನಾದರೂ ಪಡೆಯುವ ಅವಕಾಶವಿದೆ. ಎರಡು ವರ್ಷದೊಳಗಿನ ಮಗುವಿಗೆ ತಾಯಿಯ ವಯಸ್ಸು 40 ಮೀರಿರಬಾರದು; ನಾಲ್ಕರೊಳಗೆ 45, ಎಂಟರೊಳಗೆ 50, ಅದಕ್ಕೂ ದೊಡ್ಡ ಮಗುವಿಗೆ 55. ಸಮಾಜ ಕಾರ್ಯಕರ್ತರು ಮನೆಗೆ ಬಂದು ವರದಿ ಬರೆಯುತ್ತಾರೆ. ಅಂತಿಮ ಆದೇಶ ಜಿಲ್ಲಾಧಿಕಾರಿಯದು. ಸರದಿ ವರ್ಷಗಟ್ಟಲೆ ಹಿಡಿಯುತ್ತದೆ. ಹಣ ಕೊಟ್ಟರೆ ನಾಳೆಯೇ ಮಗು ಕೊಡಿಸುತ್ತೇವೆನ್ನುವವರನ್ನು ಹತ್ತಿರ ಸೇರಿಸಬೇಡಿರಿ. ಮಗುವಿನ ಕ್ರಯವಿಕ್ರಯಕ್ಕೆ ಐದು ವರ್ಷಗಳವರೆಗೆ ಕಠಿಣ ಸೆರೆಯಿದೆ. ಆದ್ದರಿಂದಲೇ ಚಿಕಿತ್ಸೆ ಸೋತ ಮೇಲೆ ದತ್ತಕವೆಂದು ಕಾಯದೆ, ಎರಡನ್ನೂ ಒಟ್ಟಿಗೆ ಯೋಚಿಸಿರೆಂದು ನಾವೀಗ ಹೇಳುತ್ತೇವೆ.

ಆ ಶಿಕ್ಷಕಿಯವರಿಗೆ ಒಂದು ಬಾರಿಯ ಪ್ರನಾಳ ಚಿಕಿತ್ಸೆ ಫಲಿಸಲಿಲ್ಲ. ಎರಡನೆಯದಕ್ಕೆ ಹಣವೂ ಇರಲಿಲ್ಲ, ಮನಸ್ಸೂ ಇರಲಿಲ್ಲ. 40 ತುಂಬಲು ನಾಲ್ಕು ತಿಂಗಳಿರುವಾಗ ದತ್ತಕಕ್ಕೆ ನೋಂದಾಯಿಸಿದರು, ಈಗ ಸರದಿಯಲ್ಲಿದ್ದಾರೆ. ಮೊದಲು ಹಟ ಹಿಡಿದಿದ್ದವರು ಅವರ ತಾಯಿ: ಯಾರದೋ ಮಗುವಿಗೆ ಲಿಂಗಧಾರಣೆ ಹೇಗೆ ಆದೀತು? ಹುಟ್ಟನ್ನು ಕೇಳಿ ಲಿಂಗ ಕೊಟ್ಟವರು ಶರಣರಲ್ಲವೆಂದು ನಾವು ನೆನಪಿಸಿದೆವು. ಆಗ ಆಕೆ ಉತ್ತರಿಸಲಿಲ್ಲ. ಕಳೆದ ತಿಂಗಳು ಮಂಡಿನೋವಿಗೆ ತೈಲ ಒಯ್ಯಲು ಬಂದಾಗ, ಸಣ್ಣ ಮಗುವಿಗೆ ಒಪ್ಪುವ ಬೆಳ್ಳಿಯ ಕರಡಿಗೆಯನ್ನು ಚೆನ್ನಾಗಿ ಮಾಡುವ ಪತ್ತಾರರು ಯಾರಿದ್ದಾರೆಂದು ವಿಚಾರಿಸುತ್ತಿದ್ದರು.